ಓದಿದ್ದನ್ನು ಮಾಡಿಬಿಡುವ ಓದುಗ

ಸಾಹಿತ್ಯ ವಿಮರ್ಶೆ ಬರುವ ಜಾಗದಲ್ಲಿ ಟೂಲ್ ವಿವರಣೆಗಳ ಬಗ್ಗೆ ಬರೆಯುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಆದರೆ ಈ ಒಂದೆರಡು ಸಾಲಿನ ಗದ್ಯದ ಮೇಲೆ ಈಗ ದೊಡ್ಡ ಹೊಣೆ ಬಿದ್ದಿದೆ. ನಮ್ಮ ಪರವಾಗಿ ಬ್ರೌಸರ್ ತೆರೆದು, ಪುಟ ಓದಿ, ಬಟನ್ ಒತ್ತಿ, ಫಾರ್ಮ್ ತುಂಬುವ ಎಐ ಏಜೆಂಟಿನ ಮುಂದೆ ಹತ್ತಾರು ಟೂಲ್‌ಗಳ ಪಟ್ಟಿಯಿರುತ್ತದೆ. ಪ್ರತಿಯೊಂದಕ್ಕೂ ಒಂದು ಹೆಸರು, ಒಂದು ಚಿಕ್ಕ ವಿವರಣೆ, ಕೊಡಬೇಕಾದ ಮಾಹಿತಿಯ ವಿವರ. ಒಳಗಿನ ಕೋಡ್ ಸಾಮಾನ್ಯವಾಗಿ ಅದಕ್ಕೆ ಕಾಣುವುದಿಲ್ಲ. ಯಾವುದನ್ನು ಯಾವಾಗ ಬಳಸಬೇಕೆಂದು ಅದು ತೀರ್ಮಾನಿಸುವುದು ಈ ಮಾತುಗಳನ್ನು ನಂಬಿಯೇ.

ಅಡಕವಾಗಿ ಬರೆಯುವುದು ನಮಗೆ ಹೊಸದಲ್ಲ. ಕೇಶಿರಾಜ ‘ಶಬ್ದಮಣಿದರ್ಪಣ’ದ ಸೂತ್ರಗಳನ್ನು ಕಂದಪದ್ಯಗಳಲ್ಲಿ ಹೇಳಿ, ಜೊತೆಗೆ ವೃತ್ತಿ, ಪ್ರಯೋಗಗಳನ್ನೂ ಕೊಟ್ಟ. ಸೂತ್ರ ಬಿಗಿಯಾದರೆ ವೃತ್ತಿಯಿದೆ, ಅದೂ ಸಾಲದಿದ್ದರೆ ಪಾಠ ಹೇಳುವ ಮೇಷ್ಟ್ರಿದ್ದಾರೆ. ಟೂಲ್ ವಿವರಣೆಗೆ ಆ ಆಸರೆಗಳಿಲ್ಲ.

ಒಂದು ನಿಜವಾದ ಉದಾಹರಣೆ ನೋಡೋಣ. ಮೈಕ್ರೋಸಾಫ್ಟ್ 2025ರಲ್ಲಿ ಹೊರತಂದ ಪ್ಲೇರೈಟ್ ಎಂಸಿಪಿ ಇಂಥ ಬ್ರೌಸರ್ ಟೂಲ್‌ಗಳ ಒಂದು ಕಟ್ಟು. ಪ್ಲೇರೈಟ್ ಎಂದರೆ ನಾಟಕಕಾರ. ಹೆಸರೇನೋ ನಮ್ಮ ಕಡೆಯದೇ. ಅದರಲ್ಲಿ ಪುಟವನ್ನು ನೋಡಲು ಎರಡು ಟೂಲ್‌ಗಳಿವೆ. ಸ್ಕ್ರೀನ್‌ಶಾಟ್ ಪುಟದ ಚಿತ್ರ ತೆಗೆಯುತ್ತದೆ. ಸ್ನ್ಯಾಪ್‌ಶಾಟ್, ಅಂಧರ ಸ್ಕ್ರೀನ್ ರೀಡರ್‌ಗಳಿಗೂ ಆಧಾರವಾದ ರಚನೆಯಿಂದ, ಪುಟದ ಶೀರ್ಷಿಕೆ, ಲಿಂಕ್, ಬಟನ್‌ಗಳನ್ನು ಗುರುತುಸಂಖ್ಯೆಗಳ ಸಮೇತ ಪಠ್ಯವಾಗಿ ಕೊಡುತ್ತದೆ.

ನಾನು ಓದಿದ ಆವೃತ್ತಿಯಲ್ಲಿ ಸ್ನ್ಯಾಪ್‌ಶಾಟ್‌ನ ವಿವರಣೆ, ಇದು ಸ್ಕ್ರೀನ್‌ಶಾಟ್‌ಗಿಂತ ಉತ್ತಮ ಎನ್ನುತ್ತದೆ. ಯಾವುದಕ್ಕೆ ಉತ್ತಮ? ಹೇಳುವುದಿಲ್ಲ. ‘ಇದೊಂದು ಉತ್ತಮ ಕೃತಿ’ ಎಂದು ಮುಗಿಯುವ ಪುಸ್ತಕ ಪರಿಚಯದ ದೋಷವೇ ಇದರದ್ದೂ. ಬಣ್ಣ ಸರಿಯಾಗಿದೆಯೇ, ನಕ್ಷೆ ಹೇಗೆ ಕಾಣುತ್ತಿದೆ ಎಂದು ತಿಳಿಯಲು ಚಿತ್ರವೇ ಬೇಕು. ಸ್ಕ್ರೀನ್‌ಶಾಟ್‌ನ ವಿವರಣೆ ಇದಕ್ಕಿಂತ ಎಷ್ಟೋ ವಾಸಿ: ಈ ಚಿತ್ರವನ್ನು ಆಧರಿಸಿ ಪುಟದಲ್ಲಿ ಕೆಲಸ ಮಾಡಲಾಗದು, ಅದಕ್ಕೆ ಸ್ನ್ಯಾಪ್‌ಶಾಟ್ ಬಳಸಿ ಎನ್ನುತ್ತದೆ. ತನ್ನ ಮಿತಿಯನ್ನು ಹೇಳಿ, ಪಕ್ಕದ ಮನೆಯ ದಾರಿ ತೋರಿಸುತ್ತದೆ. ಮೊದಲನೆಯದರಲ್ಲಿ ವಿಶೇಷಣವಿದೆ, ಎರಡನೆಯದರಲ್ಲಿ ಮಾಹಿತಿಯಿದೆ.

ಅಕ್ಷರ ಟೈಪ್ ಮಾಡುವ ಟೂಲ್‌ನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಬರೆದದ್ದನ್ನು ‘ಸಲ್ಲಿಸಬೇಕೇ’ ಎಂಬ ಆಯ್ಕೆಯನ್ನು ಕೊಟ್ಟು, ಆವರಣದಲ್ಲಿ ‘ನಂತರ ಎಂಟರ್ ಒತ್ತುವುದು’ ಎಂದು ಸೇರಿಸಿದ್ದಾರೆ. ಸಲ್ಲಿಸುವುದು ಫಲ, ಎಂಟರ್ ಒತ್ತುವುದು ಕ್ರಿಯೆ. ಎಂಟರ್ ಒತ್ತಿದರೆ ಹೊಸ ಸಾಲು ಮಾತ್ರ ಬರುವ ಪೆಟ್ಟಿಗೆಗಳೂ ಇವೆ. ಅಲ್ಲಿ ಮುಖ್ಯ ವಾಕ್ಯ ಸುಳ್ಳಾಗುತ್ತದೆ, ಆವರಣದ ಮಾತು ನಿಜವಾಗಿಯೇ ಉಳಿಯುತ್ತದೆ. ಆಗುವುದೇನೆಂದು ಭರವಸೆ ಕೊಡುವ ಮೊದಲು ಮಾಡುವುದೇನೆಂದು ಹೇಳುವುದು ಒಳ್ಳೆಯ ಗದ್ಯದ ಲಕ್ಷಣ.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ್ದು ಕ್ಲಿಕ್ ಮಾಡುವ ಟೂಲ್. ಆ ಆವೃತ್ತಿಯಲ್ಲಿ ಅದು ಏಜೆಂಟಿನಿಂದ ಎರಡು ಸಂಗತಿ ಕೇಳುತ್ತದೆ: ಸ್ನ್ಯಾಪ್‌ಶಾಟ್‌ನಲ್ಲಿದ್ದ ನಿಖರ ಗುರುತು ಮತ್ತು ಒತ್ತಬೇಕಾದುದರ ಬಗ್ಗೆ ಮನುಷ್ಯರಿಗೆ ಅರ್ಥವಾಗುವ ಮಾತು. ಎರಡನೆಯದು ಅನುಮತಿ ಪಡೆಯಲು ಎಂದು ಸ್ಪಷ್ಟವಾಗಿ ಬರೆದಿದೆ. ಅಂದರೆ ಯಂತ್ರಕ್ಕೆ ಗುರುತು, ಮನುಷ್ಯನಿಗೆ ವಾಕ್ಯ. ‘ಬಟನ್ ಒತ್ತಲೇ?’ ಎಂದು ಕೇಳಿದರೆ ನಾವು ಅಭ್ಯಾಸಬಲದಿಂದ ಹೂಂ ಎನ್ನುತ್ತೇವೆ. ‘ಹಣ ಪಾವತಿಸುವ ಬಟನ್ ಒತ್ತಲೇ?’ ಎಂದರೆ ಕೈ ಒಂದು ಗಳಿಗೆ ನಿಲ್ಲುತ್ತದೆ. ಆ ಗಳಿಗೆಯನ್ನು ನಮಗೆ ಉಳಿಸಿಕೊಡುವುದು ಯಾರೋ ಬರೆದಿಟ್ಟ ಒಂದು ಸಾಲು. ಆ ಮಾತು ಯಾಕೆ ಬೇಕು ಎಂಬುದನ್ನೂ ಅದರಲ್ಲೇ ಬರೆದಿಟ್ಟದ್ದು ಅದರ ಬರಹಗಾರರ ವಿವೇಕ.

ಕವಿತೆಯಲ್ಲಿ ಅಸ್ಪಷ್ಟತೆಗೆ ಬೆಲೆಯಿದೆ, ಯಾಕೆಂದರೆ ಓದುಗ ಅದರ ಜೊತೆ ದಿನಗಟ್ಟಲೆ ಕೂರಬಲ್ಲ, ಮತ್ತೆ ಓದಬಲ್ಲ. ಇಲ್ಲಿನ ಓದುಗ ಓದಿದ ಮರುಕ್ಷಣ ಕೆಲಸಕ್ಕಿಳಿಯುತ್ತಾನೆ. ಕಳಿಸಿದ ಅರ್ಜಿ, ಕಟ್ಟಿದ ಹಣ ಸುಲಭವಾಗಿ ಹಿಂದೆ ಬರುವುದಿಲ್ಲ. ಸಾಹಿತ್ಯದ ವಿದ್ಯಾರ್ಥಿಗಳು ಈ ಗದ್ಯವನ್ನು ಇಂಜಿನಿಯರುಗಳಿಗಷ್ಟೇ ಬಿಡಬಾರದು ಎನ್ನುವುದು ಅದಕ್ಕೇ. ಪದ ಯಾವುದನ್ನು ಹೇಳುತ್ತದೆ, ಯಾವುದನ್ನು ಹೇಳದೆ ಬಿಡುತ್ತದೆ ಎಂದು ನೋಡುವ ಕಣ್ಣು ನಮ್ಮ ತರಗತಿಗಳಲ್ಲೇ ತಯಾರಾಗುವುದು. ಅದಕ್ಕೀಗ ಹೊಸ ಕೆಲಸ ಬಂದಿದೆ.