ಐದು ಆಜ್ಞೆಗಳ ಸ್ವಾತಂತ್ರ್ಯ

ಕನ್ನಡದಲ್ಲಿ ಆಂಡ್ರಾಯ್ಡ್ ಬಗ್ಗೆ ಬರೆಯುವವರಿಗೆ ‘ಮುಕ್ತ’ ಎಂಬ ವಿಶೇಷಣ ಬಿಟ್ಟರೆ ಕೈಯೇ ಓಡುವುದಿಲ್ಲ. ಐಫೋನ್ ಎಂದರೆ ಸಾಹುಕಾರನ ತೋಟ, ಆಂಡ್ರಾಯ್ಡ್ ಎಂದರೆ ಊರ ಗೋಮಾಳ. ಅಂಕಣಗಳಲ್ಲೂ ಕಾಲೇಜಿನ ವಿಚಾರ ಸಂಕಿರಣಗಳಲ್ಲೂ ಇದೇ ಮಾತು ಬೇರೆ ಬೇರೆ ವೇಷದಲ್ಲಿ ಬರುತ್ತಿದೆ. 2003ರಲ್ಲಿ ಹುಟ್ಟಿದ ಪುಟ್ಟ ಕಂಪನಿ, 2005ರಲ್ಲಿ ಗೂಗಲ್ ಅದನ್ನು ಕೊಂಡದ್ದು, 2007ರ ಓಪನ್ ಹ್ಯಾಂಡ್‌ಸೆಟ್ ಅಲಯನ್ಸ್, 2008ರ ಮೊದಲ ಫೋನ್ ಇವೆಲ್ಲ ಓದುಗರಿಗೆ ಗೊತ್ತಿರುವ ಪುರಾಣ. ಅದನ್ನು ಮತ್ತೆ ಒಪ್ಪಿಸುವುದಿಲ್ಲ. ನನ್ನ ತಕರಾರು ಆ ವಿಶೇಷಣದ ಮೇಲೆ. ಇಪ್ಪತ್ತು ವರ್ಷಗಳಲ್ಲಿ ಇಷ್ಟು ದೊಡ್ಡ ಹೆಸರನ್ನು ಇಷ್ಟು ಅಗ್ಗಕ್ಕೆ ಗಳಿಸಿದ ಇನ್ನೊಂದು ತಂತ್ರಾಂಶ ಕೃತಿ ನನಗೆ ಕಾಣುವುದಿಲ್ಲ.

ಆ ಹೆಸರಿನ ಮೂಲಪಾಠ ಒಂದೇ ಸಾಲಿನದು. 2010ರ ಅಕ್ಟೋಬರಿನಲ್ಲಿ ಸ್ಟೀವ್ ಜಾಬ್ಸ್ ಹೂಡಿಕೆದಾರರ ಎದುರು ಆಂಡ್ರಾಯ್ಡ್‌ನ ಮುಕ್ತತೆಯನ್ನು ಲೇವಡಿ ಮಾಡಿದರು. ಆಂಡ್ರಾಯ್ಡ್‌ನ ಜನಕರಲ್ಲಿ ಒಬ್ಬರಾದ ಆಂಡಿ ರೂಬಿನ್ ಟ್ವಿಟರ್‌ನಲ್ಲಿ ಒಂದೇ ಸಾಲಿನ ಉತ್ತರ ಕೊಟ್ಟರು: ಮುಕ್ತತೆಯ ವ್ಯಾಖ್ಯೆ ಇದು ಎಂದು ಹೇಳಿ, ಅದರ ಮುಂದೆ ಕಂಪ್ಯೂಟರಿಗೆ ಕೊಡುವ ಐದು ಆಜ್ಞೆಗಳು. ಒಂದು ಫೋಲ್ಡರ್ ಮಾಡು. ಅದರೊಳಗೆ ಹೋಗು. ಸೋರ್ಸ್ ಕೋಡ್ ಇರುವ ವಿಳಾಸವನ್ನು ಗೊತ್ತುಮಾಡು. ಅಲ್ಲಿರುವುದನ್ನೆಲ್ಲ ಇಳಿಸಿಕೋ. ಕಟ್ಟು. ಅಷ್ಟೇ. ಪ್ರೋಗ್ರಾಮರ್‌ಗಳು ಚಪ್ಪಾಳೆ ತಟ್ಟಿದರು. ಉತ್ತರ ಚುರುಕಾಗಿತ್ತು, ಒಪ್ಪುತ್ತೇನೆ. ಆದರೆ ಚಪ್ಪಾಳೆಯ ಗದ್ದಲದಲ್ಲಿ ಆ ಸಾಲನ್ನು ಯಾರೂ ನಿಧಾನವಾಗಿ ಓದಿದಂತಿಲ್ಲ.

ಓದೋಣ. ಐದೂ ಆಜ್ಞೆಗಳು ಒಂದೇ ದಿಕ್ಕಿನವು. ಎಲ್ಲವೂ ಅಲ್ಲಿಂದ ಇಲ್ಲಿಗೆ ಬರುತ್ತದೆ, ಇಲ್ಲಿಂದ ಅಲ್ಲಿಗೆ ಏನೂ ಹೋಗುವುದಿಲ್ಲ. ರೂಬಿನ್ ಬಳಸಿದ ‘ರೆಪೊ’ ಎಂಬ ಸಲಕರಣೆಯಲ್ಲಿ ನಮ್ಮ ತಿದ್ದುಪಡಿಯನ್ನು ಪರಿಶೀಲನೆಗೆ ಕಳಿಸುವ ಆಜ್ಞೆಯೂ ಇದೆ. ಅದನ್ನು ಅವರು ಬರೆಯಲಿಲ್ಲ. ಟ್ವೀಟಿನಲ್ಲಿ ಜಾಗ ಇರಲಿಲ್ಲ ಎನ್ನಬಹುದು. ಆದರೆ ಜಾಗ ಸಾಲದೆ ಬಂದಾಗ ಏನನ್ನು ಬಿಟ್ಟೆವು ಎನ್ನುವುದೇ ವ್ಯಾಖ್ಯೆಯ ಗುಟ್ಟು. ಓದುಗನಿಗೆ ಇಲ್ಲಿ ಓದುವ ಹಕ್ಕಿದೆ, ನಕಲು ಮಾಡಿಕೊಳ್ಳುವ ಹಕ್ಕಿದೆ, ಬರೆದವರ ಜೊತೆ ಕೂತು ಬರೆಯುವ ಹಕ್ಕಿನ ಸುಳಿವೇ ಇಲ್ಲ.

ಕೊನೆಯ ಆಜ್ಞೆಯನ್ನು ನೋಡಿ: ಕಟ್ಟು. ಏನನ್ನು? ಅವತ್ತಿನ ದಿನ ಬೇರೇನೂ ಸೂಚಿಸದೆ ಆ ಆಜ್ಞೆ ಕೊಟ್ಟರೆ ತಯಾರಾಗುತ್ತಿದ್ದದ್ದು ಕಂಪ್ಯೂಟರ್ ಪರದೆಯ ಮೇಲೆ ಫೋನಿನಂತೆ ನಟಿಸುವ ಎಮ್ಯುಲೇಟರಿನಲ್ಲಿ ಓಡುವ ಆಂಡ್ರಾಯ್ಡ್. ಜೇಬಿನಲ್ಲಿರುವ ಫೋನಿಗೆ ಅದನ್ನು ಹಾಕಬೇಕಾದರೆ ಆ ಫೋನಿನ ಕ್ಯಾಮೆರಾ, ರೇಡಿಯೊ, ಗ್ರಾಫಿಕ್ಸ್‌ನ ಡ್ರೈವರ್‌ಗಳು ಬೇಕು. ಅವು ಆ ಸೋರ್ಸ್‌ನಲ್ಲಿ ಇಲ್ಲ, ಚಿಪ್ ಮಾಡಿದವರ ಹತ್ತಿರ ಮುಚ್ಚಿದ ಕಡತಗಳಾಗಿ ಇರುತ್ತವೆ. ಫೋನ್ ಶುರುವಾಗುವಾಗ ಯಾವ ವ್ಯವಸ್ಥೆ ಓಡಬೇಕೆಂದು ನೋಡಿಕೊಳ್ಳುವ ಬೂಟ್‌ಲೋಡರಿನ ಬೀಗವೂ ತೆಗೆದಿರಬೇಕು, ಅದರ ಕೀಲಿ ಫೋನ್ ಮಾಡಿದವರದು. ಐದು ಆಜ್ಞೆಗಳು ನಮ್ಮನ್ನು ಫೋನಿನ ತನಕ ಕರೆದೊಯ್ದು ಹೊಸ್ತಿಲಲ್ಲಿ ನಿಲ್ಲಿಸುತ್ತವೆ.

ಮೂರನೆಯ ಆಜ್ಞೆಯಲ್ಲಿದ್ದ ವಿಳಾಸದ ಕಥೆ ಇನ್ನೂ ಸ್ವಾರಸ್ಯದ್ದು. ಅದು ಲಿನಕ್ಸ್ ಕರ್ನಲ್ ಬಳಗದ ಸರ್ವರಿನ ವಿಳಾಸ. 2011ರಲ್ಲಿ ಆ ಸರ್ವರಿಗೆ ಕನ್ನ ಬಿತ್ತು. ಆಂಡ್ರಾಯ್ಡ್ ಕೋಡ್ ಆ ವಿಳಾಸಕ್ಕೆ ಮರಳಲೇ ಇಲ್ಲ, ಗೂಗಲ್‌ನ ಸ್ವಂತ ಸರ್ವರಿಗೆ ಹೋಯಿತು. ಮುಕ್ತತೆಯ ವ್ಯಾಖ್ಯೆ ವರ್ಷ ತುಂಬುವುದರೊಳಗೆ ಕೆಲಸ ಮಾಡುವುದನ್ನು ನಿಲ್ಲಿಸಿತ್ತು! ಇದನ್ನು ಆಕಸ್ಮಿಕ ಎಂದು ಬಿಡೋಣ. ಆದರೆ ಅದೇ ವರ್ಷದ ಆರಂಭದಲ್ಲಿ ಬಂದ ಹನಿಕೋಂಬ್ ಆವೃತ್ತಿಯದು ಆಕಸ್ಮಿಕವಲ್ಲ. ಟ್ಯಾಬ್ಲೆಟ್‌ಗಳು ಅಂಗಡಿಯಲ್ಲಿ ಮಾರಾಟವಾಗುತ್ತಿದ್ದವು, ಸೋರ್ಸ್ ಮಾತ್ರ ಹೊರಬರಲಿಲ್ಲ. ಇನ್ನೂ ಸಿದ್ಧವಾಗಿಲ್ಲ ಎಂದು ಗೂಗಲ್ ಹೇಳಿತು. ನವೆಂಬರಿನಲ್ಲಿ ಮುಂದಿನ ಆವೃತ್ತಿ ಬರುವ ತನಕ ಜಗತ್ತು ಕಾಯಿತು. ಯಾವಾಗ ತೆರೆಯಬೇಕು ಎಂದು ಒಬ್ಬನೇ ತೀರ್ಮಾನಿಸುವಂತಿದ್ದರೆ ಅದಕ್ಕೆ ಗೋಮಾಳ ಎನ್ನುವುದು ಹೇಗೆ?

ಈಗ ಕನ್ನಡಕ್ಕೆ ಬರುತ್ತೇನೆ. ಮುಕ್ತತೆಗೆ ಕನ್ನಡಿಗನಷ್ಟು ಒಳ್ಳೆಯ ಪರೀಕ್ಷಕ ಬೇರೆ ಇರಲಿಲ್ಲ. ರೂಬಿನ್ ಆ ಸಾಲು ಬರೆದಾಗ ಚಾಲ್ತಿಯಲ್ಲಿದ್ದದ್ದು ಆಂಡ್ರಾಯ್ಡ್ 2.2. ಅದರಲ್ಲಿ ಕನ್ನಡದ ಯಾವ ಜಾಲತಾಣ ತೆರೆದರೂ ಕಾಣುತ್ತಿದ್ದದ್ದು ಸಾಲು ಸಾಲು ಖಾಲಿ ಚೌಕಗಳು. ಫೋನ್ ಮಾಡಿದ ಕೆಲವರು ಭಾರತದ ಭಾಷೆಗಳ ಫಾಂಟುಗಳನ್ನು ತಾವೇ ಸೇರಿಸಿ ಕೊಟ್ಟರು, ಉಳಿದವರು ಕೊಡಲಿಲ್ಲ. ಸೋರ್ಸ್ ಬಯಲಲ್ಲಿದೆ, ನೀವೇ ಸರಿಮಾಡಿಕೊಳ್ಳಿ ಎನ್ನುವುದು ಭಕ್ತರ ಉತ್ತರ. ಭಾರತದಲ್ಲಿ ಆಗ ಸರ್ಕಾರಿ ಲೆಕ್ಕದ ಬ್ರಾಡ್‌ಬ್ಯಾಂಡ್ ಎಂದರೆ 256 ಕೆಬಿಪಿಎಸ್. ಆ ವೇಗದಲ್ಲಿ ಒಂದು ಜಿಬಿ ಇಳಿಸಲು ಒಂಬತ್ತು ಗಂಟೆ ಬೇಕು. ಆಂಡ್ರಾಯ್ಡ್ ಸೋರ್ಸ್ ಹಲವು ಜಿಬಿ.

ಇಳಿಸಿಕೊಳ್ಳದೆಯೂ ಒಂದು ದಾರಿ ಇತ್ತು: ಫೋನನ್ನು ರೂಟ್ ಮಾಡಿ, ಎಂದರೆ ಒಳಗಿನ ಕಡತಗಳನ್ನು ತಿದ್ದುವ ಪೂರ್ಣ ಅಧಿಕಾರ ಪಡೆದು, ವಾರಂಟಿಯ ಆಸೆ ಬಿಟ್ಟು, ಸಿಸ್ಟಮ್ ಫೋಲ್ಡರಿನಲ್ಲಿ ಕನ್ನಡ ಇರುವ ಫಾಂಟ್ ತುರುಕುವುದು. ಆಗ ಚೌಕಗಳು ಹೋಗಿ ಅಕ್ಷರ ಬರುತ್ತಿತ್ತು. ಬರುತ್ತಿತ್ತು ಎಂದರೆ, ‘ಪ್ರಶ್ನೆ’ ಎಂಬಲ್ಲಿ ಪ, ಅದರ ಪಕ್ಕ ಒಂಟಿ ಹಲಂತ ಚಿಹ್ನೆ, ಅದರ ಪಕ್ಕ ರ ಹೀಗೆ ಬಿಡಿಬಿಡಿಯಾಗಿ ನಿಲ್ಲುತ್ತಿತ್ತು. ಒತ್ತಕ್ಷರವನ್ನು ಕೆಳಗೆ ಇಳಿಸಿ ಕೂರಿಸುವ ಬುದ್ಧಿ ಫಾಂಟಿನಲ್ಲಿ ಮಾತ್ರ ಇದ್ದರೆ ಸಾಲದು, ಅಕ್ಷರಗಳನ್ನು ಜೋಡಿಸುವ ಎಂಜಿನ್ನಿನಲ್ಲೂ ಇರಬೇಕು. ಅಂಥ ಎಂಜಿನ್ ಲಿನಕ್ಸ್ ಡೆಸ್ಕ್‌ಟಾಪ್‌ಗಳಲ್ಲಿ ವರ್ಷಗಳ ಹಿಂದೆಯೇ ಕನ್ನಡವನ್ನು ಸರಿಯಾಗಿ ತೋರಿಸುತ್ತಿತ್ತು, ಅದೂ ಮುಕ್ತ ತಂತ್ರಾಂಶವೇ. ಲಿನಕ್ಸ್‌ನ ಕರ್ನಲ್ ಎತ್ತಿಕೊಂಡವರಿಗೆ ನಮ್ಮ ಒತ್ತಕ್ಷರ ಎತ್ತಿಕೊಳ್ಳಲು ಪುರುಸೊತ್ತಾಗಲಿಲ್ಲ. ಕನ್ನಡ, ತೆಲುಗು, ಮಲಯಾಳಗಳ ಬೆಂಬಲ ಬಂದದ್ದು 2012ರ 4.1ರಲ್ಲಿ. ಮೆನು, ಸೆಟ್ಟಿಂಗ್ಸ್ ಎಲ್ಲ ಕನ್ನಡದಲ್ಲಿ ಕಂಡದ್ದು 2014ರ 5.0ರಲ್ಲಿ. ಹಳೆಯ ಆವೃತ್ತಿಯ ಅಗ್ಗದ ಫೋನ್ ಕೊಂಡವರಿಗೆ ಬಹುಮಟ್ಟಿಗೆ ಅಪ್‌ಡೇಟೇ ಬರಲಿಲ್ಲ.

ಆ ಕಾಲದಲ್ಲಿ ಕನ್ನಡ ಓದುವ ಹಂಬಲ ಇದ್ದವರಿಗೆ ಸಹಾಯಕ್ಕೆ ಬಂದದ್ದು ನಾರ್ವೆಯ ಒಂದು ಮುಚ್ಚಿದ ತಂತ್ರಾಂಶ, ಒಪೆರಾ ಮಿನಿ. ವಿಳಾಸದ ಪಟ್ಟಿಯಲ್ಲಿ ‘ಒಪೆರಾ:ಕಾನ್ಫಿಗ್’ ಎಂದು ಹೊಡೆಯಬೇಕು. ಬರುವ ಪುಟದ ಕೆಳತುದಿಯಲ್ಲಿ ಸಂಕೀರ್ಣ ಲಿಪಿಗಳಿಗೆ ಬಿಟ್‌ಮ್ಯಾಪ್ ಫಾಂಟ್ ಬಳಸಲೇ ಎಂಬ ಪ್ರಶ್ನೆ ಇರುತ್ತಿತ್ತು, ಅದಕ್ಕೆ ‘ಯೆಸ್’ ಎಂದು ಉಳಿಸಬೇಕು. ಆಮೇಲೆ ಕನ್ನಡ ಅಕ್ಷರಗಳು ದೂರದ ಸರ್ವರಿನಲ್ಲೇ ಚಿತ್ರಗಳಾಗಿ ಬಿಡಿಸಿಕೊಂಡು ಫೋನಿಗೆ ಬರುತ್ತಿದ್ದವು. ಈ ಕಿವಿಮಾತು ಗೆಳೆಯರಿಂದ ಗೆಳೆಯರಿಗೆ ಹಬ್ಬಿತು. ಮುಕ್ತ ಎನಿಸಿಕೊಂಡ ವ್ಯವಸ್ಥೆ ಕೊಡದ ಕನ್ನಡವನ್ನು ಮುಚ್ಚಿದ ಬ್ರೌಸರ್ ಕೊಟ್ಟಿತು. ಇದಕ್ಕೆ ತತ್ತ್ವದ ಲೇಪ ಬೇಡ. ಆಗಿನ ಬಳಕೆದಾರನಿಗೆ ಪರವಾನಗಿ ಪತ್ರ ಯಾವುದೆಂಬುದು ಮುಖ್ಯವಾಗಿರಲಿಲ್ಲ, ಪತ್ರಿಕೆ ಓದಲಾಗುತ್ತದೆಯೇ ಎಂಬುದು ಮುಖ್ಯವಾಗಿತ್ತು.

ಆಂಡ್ರಾಯ್ಡ್‌ಗೆ ಸಲ್ಲಬೇಕಾದ್ದನ್ನು ಸಲ್ಲಿಸದೆ ಇರುವುದು ಅನ್ಯಾಯ. ಆರೇಳು ಸಾವಿರಕ್ಕೆ ಸ್ಮಾರ್ಟ್‌ಫೋನ್ ಸಿಗುವಂತಾದದ್ದು ಅದರಿಂದಲೇ. ತಯಾರಕ ತಂತ್ರಾಂಶಕ್ಕೆ ದುಡ್ಡು ಕೊಡಬೇಕಿರಲಿಲ್ಲ. ಮೈಕ್ರೋಮ್ಯಾಕ್ಸ್, ಅರ್ಧ ಬೆಂಗಳೂರಿನದೇ ಆಗಿದ್ದ ಕಾರ್ಬನ್ ಇವು ಆ ಕಾರಣಕ್ಕೇ ಬೆಳೆದವು. ಆದರೆ ಅಗ್ಗ ಬೇರೆ, ಮುಕ್ತ ಬೇರೆ. 2014ರ ಸೆಪ್ಟೆಂಬರಿನಲ್ಲಿ ದೆಹಲಿಯಲ್ಲಿ ಆಂಡ್ರಾಯ್ಡ್ ಒನ್ ಬಂತು: ಮೈಕ್ರೋಮ್ಯಾಕ್ಸ್, ಕಾರ್ಬನ್, ಸ್ಪೈಸ್‌ಗಳ ಮೂರು ಫೋನು, ಒಂದೇ ಅಳತೆಯ ಪರದೆ, ಹೆಚ್ಚುಕಡಿಮೆ ಒಂದೇ ಬೆಲೆ. ಒಳಗೆ ಯಾವ ಯಂತ್ರಾಂಶ ಇರಬೇಕೆಂಬ ಮಾದರಿ ಗೂಗಲ್‌ದು, ಅಪ್‌ಡೇಟ್ ಗೂಗಲ್‌ದು. ನಮ್ಮ ಕಂಪನಿಗಳಿಗೆ ಉಳಿದದ್ದು ಹಿಂಬದಿಯ ಮುಚ್ಚಳದ ಮೇಲೆ ಹೆಸರು ಬರೆಸುವ ಕೆಲಸ.

ಇನ್ನು ಗೂಗಲ್‌ನ ಹಿಡಿತದ, ತಯಾರಕರ ಜೊತೆ ಅದು ಮಾಡಿಕೊಂಡ ಕರಾರುಗಳ ಮಾತು. ಪತ್ರಕರ್ತ ರಾನ್ ಅಮೆಡಿಯೊ 2013ರಲ್ಲೇ ಆರ್ಸ್ ಟೆಕ್ನಿಕಾ ಜಾಲತಾಣದಲ್ಲಿ ಈ ಹಿಡಿತವನ್ನು ವಿವರವಾಗಿ ತೋರಿಸಿದ್ದರು. ಹುಡುಕಾಟ, ಕ್ಯಾಲೆಂಡರ್, ಕೀಬೋರ್ಡ್‌ನಂಥ ಆ್ಯಪ್‌ಗಳ ಮುಕ್ತ ಆವೃತ್ತಿಗಳನ್ನು ಗೂಗಲ್ ಹೇಗೆ ಒಣಗಲು ಬಿಟ್ಟು, ಅವುಗಳ ಮುಚ್ಚಿದ ಆವೃತ್ತಿಗಳನ್ನು ಬೆಳೆಸಿತು ಎಂಬುದು ಅವರ ವಾದ. ಸರಿಯಾದ ವಾದ. ಅದಕ್ಕಿಂತ ದೊಡ್ಡದು ಗೂಗಲ್‌ನ ಮುಚ್ಚಿದ ತಂತ್ರಾಂಶ ಪ್ಲೇ ಸರ್ವಿಸಸ್. ನೋಟಿಫಿಕೇಶನ್, ಸ್ಥಳ ಪತ್ತೆ, ಫೋನಿನ ಅಸಲಿತನದ ತಪಾಸಣೆ ಎಲ್ಲ ಅದರೊಳಗೆ. ಅದರ ಸೋರ್ಸ್ ಐದು ಆಜ್ಞೆ ಅಲ್ಲ, ಐನೂರು ಆಜ್ಞೆ ಕೊಟ್ಟರೂ ಸಿಗುವುದಿಲ್ಲ. ಅದು ಬೇಕೆಂದರೆ ತಯಾರಕರು ಗೂಗಲ್ ಆ್ಯಪ್‌ಗಳ ಇಡೀ ಕಟ್ಟನ್ನು ಹಾಕಬೇಕಿತ್ತು, ಜೊತೆಗೆ ಬೇರೆ ಕವಲಿನ ಆಂಡ್ರಾಯ್ಡ್ ಇರುವ ಒಂದೇ ಒಂದು ಸಾಧನವನ್ನೂ ಮಾರುವುದಿಲ್ಲ ಎಂದು ಸಹಿ ಹಾಕಬೇಕಿತ್ತು. 2012ರಲ್ಲಿ ಏಸರ್ ಕಂಪನಿ ಅಲಿಯುನ್ ಎಂಬ ಚೀನೀ ವ್ಯವಸ್ಥೆಯ ಫೋನ್ ಬಿಡುಗಡೆ ಮಾಡಲು ಹೊರಟು ಕೊನೆಯ ಗಳಿಗೆಯಲ್ಲಿ ಹಿಂದೆಗೆದದ್ದು ಈ ಕಟ್ಟುಪಾಡಿನ ಭಯಕ್ಕೆ. ಭಾರತೀಯ ಸ್ಪರ್ಧಾ ಆಯೋಗ 2022ರ ಅಕ್ಟೋಬರಿನಲ್ಲಿ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ಹಾಕಿದ್ದು ಇದೇ ಕರಾರುಗಳಿಗೆ. 2023ರ ಮಾರ್ಚ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿ ದಂಡವನ್ನು ಎತ್ತಿಹಿಡಿದು ಆಯೋಗದ ನಾಲ್ಕು ನಿರ್ದೇಶನಗಳನ್ನು ರದ್ದು ಮಾಡಿತು. ಅವುಗಳಲ್ಲಿ ಒಂದು ಪ್ಲೇ ಸರ್ವಿಸಸ್ ಕುರಿತಾದದ್ದೇ.

ಇಷ್ಟು ಹೇಳಿದರೆ ಬರುವ ಮೊದಲ ಪ್ರತಿವಾದ, ಐಫೋನ್ ಇದಕ್ಕಿಂತ ಬಿಗಿಯಲ್ಲವೇ ಎಂಬುದು. ಹೌದು. ಅದರಲ್ಲಿ ಕನ್ನಡದ ಕೀಬೋರ್ಡ್ ಬಂದದ್ದೇ 2017ರಲ್ಲಿ. ಆದರೆ ಆಪಲ್ ತಾನು ಮುಕ್ತ ಎಂದು ಯಾರ ಮುಂದೆಯೂ ಪ್ರಮಾಣ ಮಾಡಿಲ್ಲ. ಎಲ್ಲರ ಮನೆಯ ದೋಸೆಯೂ ತೂತು ಎಂಬುದು ಕೃತಿ ವಿಮರ್ಶೆ ಆಗುವುದಿಲ್ಲ.

ನನಗೆ ಹೆಚ್ಚು ಬೇಸರ ತರಿಸುವವರು ನಮ್ಮ ಸಾಹಿತ್ಯಲೋಕದ ವಿಮರ್ಶಕರು. ಮೊಬೈಲ್ ಮತ್ತು ಸಂಸ್ಕೃತಿ ಎಂಬ ಗೋಷ್ಠಿ ಇಟ್ಟರೆ ಸಾಕು, ಮಕ್ಕಳು ಕೆಟ್ಟರು, ಓದು ಹೋಯಿತು, ಊಟದ ಹೊತ್ತಿಗೂ ಕೈಯಲ್ಲಿ ಅದೇ ಎಂಬ ಹಳಹಳಿಕೆ ಶುರು. ಕವಿತೆಯ ಒಂದು ಪದದ ಮೇಲೆ ಅರ್ಧ ಗಂಟೆ ವಾದ ಮಾಡುವವರು ಇಲ್ಲಿ ಮಾತ್ರ ‘ಮೊಬೈಲ್’ ಎಂಬ ಒಂದೇ ಭೂತವನ್ನು ಕಾಣುತ್ತಾರೆ. ಅದರೊಳಗೆ ಯಾರೋ ಬರೆದ ವ್ಯವಸ್ಥೆ ಇದೆ, ಹೊಸ ಫೋನಿನಲ್ಲಿ ಮೊದಲೇ ಕೂತಿರುವ ಆ್ಯಪ್‌ಗಳ ಹಿಂದೆ ಒಂದು ಒಪ್ಪಂದ ಇದೆ, ನೋಟಿಫಿಕೇಶನ್ ಸದ್ದು ಮಾಡುವುದು ಇಂಥ ಕಂಪನಿಯ ಸರ್ವರಿನ ಮೂಲಕ ಎಂಬುದು ಅವರ ಚರ್ಚೆಗೆ ಬರುವುದೇ ಇಲ್ಲ. ಪಠ್ಯವನ್ನು ಓದದೆ ಕವಿಯನ್ನು ಬೈಯುವ ವಿಮರ್ಶೆ ಇದು. ಬೈಗುಳ ತಪ್ಪೆಂದಲ್ಲ, ವಿಳಾಸ ತಪ್ಪು.

ಇನ್ನೊಂದು ಪಂಗಡ ಸ್ವದೇಶಿ ಹೊಗಳುಭಟರದು. 2023ರ ಜನವರಿಯಲ್ಲಿ ಐಐಟಿ ಮದ್ರಾಸಿನ ಆಸರೆಯಲ್ಲಿ ಬೆಳೆದ ಕಂಪನಿಯೊಂದು ಭರೋಸ್ ಎಂಬ ವ್ಯವಸ್ಥೆ ತೋರಿಸಿದಾಗ, ಕೇಂದ್ರ ಸಚಿವರು ಅದನ್ನು ಪರೀಕ್ಷಿಸಿದಾಗ, ಆಂಡ್ರಾಯ್ಡ್‌ಗೆ ಭಾರತದ ಉತ್ತರ ಸಿಕ್ಕಿತು ಎಂದು ನಮ್ಮ ಪತ್ರಿಕೆಗಳು ಬರೆದವು. ಅದರ ಅಡಿಪಾಯವೇ ಆಂಡ್ರಾಯ್ಡ್‌ನ ಮುಕ್ತ ಸೋರ್ಸ್. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಆದರೆ ಪ್ಲೇ ಸರ್ವಿಸಸ್ ಇಲ್ಲದ ಫೋನಿನಲ್ಲಿ ಬ್ಯಾಂಕಿನ ಆ್ಯಪ್ ಓಡುವುದು ಹೇಗೆ ಎಂದು ಕೇಳಿದವರು ಕಡಿಮೆ.

ಆಂಡ್ರಾಯ್ಡ್‌ನ ಮುಕ್ತತೆಯನ್ನು ನೀವೇ ಪರೀಕ್ಷಿಸಬಹುದು. ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ನಂಬರ್ ಎಂಬಲ್ಲಿಗೆ ಹೋಗಿ ಅದರ ಮೇಲೆ ಏಳು ಸಲ ತಟ್ಟಿ. ನೀವೀಗ ಡೆವಲಪರ್ ಆದಿರಿ ಎಂಬ ಅಭಿನಂದನೆ ಬರುತ್ತದೆ, ಮುಚ್ಚಿಟ್ಟಿದ್ದ ಒಂದು ಮೆನು ತೆರೆಯುತ್ತದೆ. ತಯಾರಕ ಉದಾರಿಯಾಗಿದ್ದರೆ ಬೂಟ್‌ಲೋಡರಿನ ಬೀಗ ತೆಗೆಯಲು ಒಪ್ಪಿಗೆ ಕೊಡುವ ಗುಂಡಿ ಅಲ್ಲಿರುತ್ತದೆ. ಬೀಗ ತೆಗೆದರೆ ಫೋನಿನಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ. ಆಮೇಲೆ ಎಷ್ಟೋ ಬ್ಯಾಂಕ್ ಆ್ಯಪ್‌ಗಳು ಈ ಸಾಧನ ಸುರಕ್ಷಿತವಲ್ಲ ಎಂದು ಬಾಗಿಲು ಹಾಕಿಕೊಳ್ಳುತ್ತವೆ. ತರಕಾರಿ ಗಾಡಿಯ ಮುಂದೆ ಯುಪಿಐ ಇಲ್ಲದೆ ನಿಲ್ಲುವ ಧೈರ್ಯ ಇದ್ದವರಿಗೆ ಮಾತ್ರ ಈ ಸ್ವಾತಂತ್ರ್ಯ. ಭದ್ರತೆಯ ಕಾರಣ ಸುಳ್ಳಲ್ಲ. ಆದರೆ ಯಾವ ಫೋನ್ ಸಾಚಾ ಎಂದು ಸರ್ಟಿಫಿಕೇಟ್ ಕೊಡುವ ಅಧಿಕಾರ ಒಂದೇ ಕಂಪನಿಯ ಕೈಯಲ್ಲಿದೆ.

ಹೊಗಳಿಕೆ ಸಲ್ಲಬೇಕಾದವರು ಬೇರೆ ಇದ್ದಾರೆ. ತಯಾರಕರು ಕೈಬಿಟ್ಟ ಫೋನುಗಳಿಗೆ ಸಂಬಳವಿಲ್ಲದೆ ಹೊಸ ಆವೃತ್ತಿ ಕಟ್ಟಿಕೊಟ್ಟ ಸಯನೋಜೆನ್‌ಮಾಡ್ ಬಳಗ, 2016ರ ಕೊನೆಗೆ ಅದು ನಿಂತ ಮೇಲೆ ಕೆಲಸ ಮುಂದುವರಿಸಿದ ಲಿನಿಯೇಜ್ ಬಳಗ. ರೂಬಿನ್ ಸಾಲನ್ನು ಅಕ್ಷರಶಃ ನಂಬಿ, ಹೊಸ್ತಿಲನ್ನೂ ದಾಟಿದವರು ಇವರು. ಸಯನೋಜೆನ್‌ಗೆ 2009ರಲ್ಲಿ ಗೂಗಲ್‌ನಿಂದ ಬಂದದ್ದು ವಕೀಲರ ನೋಟಿಸು, ನಮ್ಮ ಆ್ಯಪ್‌ಗಳನ್ನು ಸೇರಿಸಿ ಹಂಚಬೇಡಿ ಎಂದು. ಈ ಬಳಗಗಳ ಬಗ್ಗೆ ಕನ್ನಡದಲ್ಲಿ ಒಂದು ಒಳ್ಳೆಯ ಲೇಖನ ನಾನು ಓದಿಲ್ಲ.

2025ರ ಮಾರ್ಚ್‌ನಲ್ಲಿ ಗೂಗಲ್ ಆಂಡ್ರಾಯ್ಡ್‌ನ ಬೆಳವಣಿಗೆಯನ್ನೆಲ್ಲ ಒಳಮನೆಗೆ ಒಯ್ಯುವುದಾಗಿ ಹೇಳಿತು. ಆವೃತ್ತಿ ಸಿದ್ಧವಾದ ಮೇಲೆ ಸೋರ್ಸ್ ಹೊರಬರುತ್ತದೆ, ಬರೆಯುವಾಗ ಹೊರಗಿನವರು ಇಣುಕುವಂತಿಲ್ಲ. ಅದೇ ವರ್ಷದ ಆಗಸ್ಟಿನಲ್ಲಿ ಇನ್ನೊಂದು ಪ್ರಕಟಣೆ: ಪ್ಲೇ ಸ್ಟೋರ್ ಹೊರಗಿನಿಂದ ಹಾಕಿಕೊಳ್ಳುವ ಆ್ಯಪ್‌ಗಳ ಕರ್ತೃಗಳೂ ಗೂಗಲ್‌ನಲ್ಲಿ ಗುರುತು ನೋಂದಾಯಿಸಬೇಕು, 2026ರ ಸೆಪ್ಟೆಂಬರಿನಿಂದ ಬ್ರೆಜಿಲ್, ಇಂಡೊನೇಷ್ಯಾ, ಸಿಂಗಪುರ, ಥಾಯ್ಲೆಂಡ್‌ಗಳಲ್ಲಿ ಮೊದಲು, ಆಮೇಲೆ ಉಳಿದ ದೇಶಗಳಲ್ಲಿ. ಟೀಕೆ ಜೋರಾದ ಮೇಲೆ ಅನುಭವಿಗಳಿಗೆ ಬೇರೊಂದು ದಾರಿ ಬಿಡುತ್ತೇವೆ ಎಂದಿತು. ಅಂಕಣಕಾರರಲ್ಲಿ ನನ್ನ ವಿನಂತಿ ಇಷ್ಟು: ಆಂಡ್ರಾಯ್ಡನ್ನು ಅಗ್ಗ ಎಂದು ಹೊಗಳಿ, ಸಮರ್ಥ ಎಂದು ಹೊಗಳಿ, ಭಾರತದ ಹತ್ತು ಸ್ಮಾರ್ಟ್‌ಫೋನ್‌ಗಳಲ್ಲಿ ಒಂಬತ್ತಕ್ಕೂ ಹೆಚ್ಚರಲ್ಲಿ ಅದೇ ಇದೆ ಎಂದು ಬೇಕಾದರೆ ಬೆರಗಾಗಿ. ಮುಕ್ತ ಎಂದು ಬರೆಯುವ ಮುಂಚೆ ನಿಮ್ಮ ಫೋನಿನ ಬಿಲ್ಡ್ ನಂಬರನ್ನು ಏಳು ಸಲ ತಟ್ಟಿ ನೋಡಿ.