ಒಪ್ಪ, ಓಪ್, ರೋಗಣ: ಗಡಿನಾಡಿನ ಮರಗೆಲಸದ ಪದಗಳು ಮತ್ತು ‘ಎರವಲು’ ಎಂಬ ತೀರ್ಪು

ಗಡಿನಾಡಿನ ಕನ್ನಡವನ್ನು ದಾಖಲಿಸುವ ಅಧ್ಯಯನಗಳಲ್ಲಿ ಒಂದು ಕ್ರಮ ರೂಢಿಯಾಗಿದೆ. ಸಂಗ್ರಹಿಸಿದ ಪದಗಳನ್ನು ಎರಡು ಅಂಕಣಗಳಲ್ಲಿ ಬೇರ್ಪಡಿಸಿ, ಒಂದಕ್ಕೆ ‘ಕನ್ನಡ’ ಎಂದೂ ಇನ್ನೊಂದಕ್ಕೆ ‘ಮರಾಠಿ ಪ್ರಭಾವ’ ಎಂದೂ ಹೆಸರಿಡಲಾಗುತ್ತದೆ. ಉಮರ್ಗಾ, ನಿಲಂಗಾ, ಉದಗೀರದಂತಹ ತಾಲೂಕುಗಳ ಮಟ್ಟಿಗೆ ಈ ವಿಂಗಡಣೆ ನಿರಪಾಯಕಾರಿಯಲ್ಲ. ಎರಡನೆಯ ಅಂಕಣ ಉದ್ದವಾದಷ್ಟೂ ಅಲ್ಲಿಯ ಕನ್ನಡ ‘ಕೆಟ್ಟ ಕನ್ನಡ’ವೆಂಬ ತೀರ್ಪು ಗಟ್ಟಿಯಾಗುತ್ತದೆ. ಮರಕ್ಕೆ ಮೆರುಗು ಕೊಡುವ ಕೆಲಸದ ಪದಗಳನ್ನು ಒರೆಗೆ ಹಚ್ಚಿದರೆ ಈ ಕ್ರಮದ ದೌರ್ಬಲ್ಯ ಸ್ಪಷ್ಟವಾಗುತ್ತದೆ.

ಮೊದಲು ‘ಅರಗು’. ಅರಗಿನ ಮನೆಯ ಕಥೆಯಿಂದಾಗಿ ಪ್ರತಿ ಕನ್ನಡಿಗನಿಗೂ ಪರಿಚಿತವಾದ ಪದವಿದು. ಯಾವ ಸಂಗ್ರಾಹಕನೂ ಇದನ್ನು ಅನುಮಾನಿಸದೆ ಕನ್ನಡದ ಅಂಕಣಕ್ಕೆ ಸೇರಿಸುತ್ತಾನೆ. ಮರಾಠಿಯ ‘ಲಾಖ’ ಎದುರು ಅಂಕಣಕ್ಕೆ ಹೋಗುತ್ತದೆ. ಆದರೆ ‘ಲಾಖ’ ಸಂಸ್ಕೃತದ ‘ಲಾಕ್ಷಾ’ದಿಂದ ಬಂದಂತೆಯೇ, ‘ಅರಗು’ ಪದದ ನಂಟನ್ನೂ ಅದರ ಪರ್ಯಾಯ ರೂಪವಾದ ‘ರಾಕ್ಷಾ’ದೊಡನೆ ವ್ಯುತ್ಪತ್ತಿಕಾರರು ಗುರುತಿಸಿದ್ದಾರೆ. ಹಾಗಾದರೆ ಇವೆರಡೂ ಒಂದೇ ಮೂಲದ ಎರಡು ದಾರಿಗಳು.

ಇನ್ನು ‘ಓಪ್’. ಮರಾಠಿಯಲ್ಲಿ ‘ಓಪ್ ದೇಣೇ’ ಎಂದರೆ ಉಜ್ಜಿ ಹೊಳಪು ಬರಿಸುವುದು. ಗಡಿಯ ಕನ್ನಡಿಗನ ಬಾಯಲ್ಲಿ ಈ ಪದ ಬಂದರೆ ಅದು ಮರಾಠಿಯ ಪ್ರಭಾವವೆಂದು ದಾಖಲಾಗುವುದು ಬಹುತೇಕ ಖಚಿತ. ಆದರೆ ಹಳಗನ್ನಡದ ‘ಒಪ್ಪ’ಕ್ಕೆ ಅಂದ, ತಕ್ಕುದು ಎಂಬ ಅರ್ಥಗಳ ಜೊತೆಗೆ ಉಜ್ಜಿ ತಂದ ಹೊಳಪು ಎಂಬ ಅರ್ಥವೂ ಇದೆ, ‘ಒಪ್ಪಮಿಡು’ ಎಂದರೆ ಸಾಣೆ ಹಿಡಿದು ಮೆರುಗು ಕೊಡುವುದು. 12ನೆಯ ಶತಮಾನದ ಹೇಮಚಂದ್ರನು ದೇಶೀನಾಮಮಾಲೆಯಲ್ಲಿ ‘ಓಪ್ಪಾ’ ಎಂಬುದನ್ನು ಸಂಸ್ಕೃತಮೂಲಕ್ಕೆ ಸಲ್ಲದ ದೇಶ್ಯಪದವಾಗಿ ಎಣಿಸಿದ್ದಾನೆ. ದ್ರಾವಿಡದ ‘ಒಪ್ಪು’ ಧಾತುವಿನ ವ್ಯಾಪ್ತಿಯನ್ನು ನೋಡಿದರೆ, ಮರಾಠಿಯ ‘ಓಪ್’ ದಕ್ಷಿಣದಿಂದ ಹೋದ ಪದವಾಗಿರುವ ಸಂಭವವೇ ಹೆಚ್ಚು. ‘ಅಚ್ಚ’ ಎನ್ನಲಾದ ಪದ ಹಳೆಯ ಎರವಲಾಗಿ, ‘ಎರವಲು’ ಎನ್ನಲಾದ ಪದ ಮನೆಯದೇ ಆಗಿ ತೋರುವಾಗ ಎರಡು ಅಂಕಣಗಳ ನಡುವಿನ ಗೆರೆಗೆ ಏನು ಬೆಲೆ?

ಈ ಗೆರೆಗೆ ನಿಘಂಟುಗಳ ಭೂಗೋಳವೂ ಕಾರಣ. ಮೋಲ್ಸ್‌ವರ್ತನ ಮರಾಠಿ ನಿಘಂಟು (1831) ಮುಂಬಯಿಯಲ್ಲಿ ಹೊರಬಂದಿತು. ಕಿಟ್ಟೆಲರ ಕನ್ನಡ ನಿಘಂಟು (1894) ಮಂಗಳೂರಿನಲ್ಲಿ. ಎರಡಕ್ಕೂ ನಿಜಾಮನ ಸೀಮೆ ಹೊರಗಿನದು. ನಿಲಂಗಾ ಮತ್ತು ಉದಗೀರ 1956ರವರೆಗೆ ಬೀದರ ಜಿಲ್ಲೆಯಲ್ಲಿದ್ದವು, ಉಮರ್ಗಾ ಉಸ್ಮಾನಾಬಾದಿನಲ್ಲಿತ್ತು. ಕಚೇರಿಯಲ್ಲಿ ಉರ್ದು, ಸಂತೆಯಲ್ಲಿ ಮರಾಠಿ, ಮನೆಯಲ್ಲಿ ಕನ್ನಡ ಎಂಬ ಬಾಳುವೆಯನ್ನು ಎರಡೇ ಅಂಕಣಗಳಲ್ಲಿ ಹಿಡಿಯಲಾಗದು. ಮರಾಠಿಯಲ್ಲಿ ಬಣ್ಣ, ವಾರ್ನಿಶ್‌ಗಳಿಗೆ ಸಲ್ಲುವ ‘ರೋಗಣ’ ಪಾರಸಿಯಲ್ಲಿ ಬರಿಯ ಎಣ್ಣೆ. ಅಂಗಿಯ ಒಳಬಟ್ಟೆಯಾದ ‘ಅಸ್ತರ’ ಹಿಂದಿ-ಉರ್ದುವಿನಲ್ಲಿ ಬಣ್ಣದ ಕೆಳಗಿನ ಮೊದಲ ಬಳಿತಕ್ಕೂ ಹೆಸರು. ಈ ಅರ್ಥದಲ್ಲಿ ‘ಪ್ರೈಮರ್’ಗಿಂತ ಅದು ಹೆಚ್ಚು ಚಿತ್ರವತ್ತಾಗಿದೆ.

ಮೂಲದ ಹುಡುಕಾಟದಲ್ಲಿ ವಸ್ತುವೇ ಮರೆಯಾಗುವುದು ಇನ್ನೂ ದೊಡ್ಡ ನಷ್ಟ. ಶಿಷ್ಟ ಕನ್ನಡ ಇವೆಲ್ಲಕ್ಕೂ ‘ಲೇಪನ’ ಎಂಬ ಒಂದೇ ಪದವನ್ನು ಮುಂದಿಡುತ್ತದೆ. ಅಗಸೆ ಎಣ್ಣೆ ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾಗುತ್ತದೆ. ಒಮ್ಮೆ ಗಟ್ಟಿಯಾದರೆ ಸ್ಪಿರಿಟ್ಟಿಗೆ ಕರಗದು. ಸ್ಪಿರಿಟ್ಟಿನಲ್ಲಿ ಕರಗಿಸಿ ಹಚ್ಚಿದ ಅರಗು ಸ್ಪಿರಿಟ್ಟು ಆರಿ ಒಣಗುತ್ತದೆ. ಮತ್ತೆ ಸ್ಪಿರಿಟ್ಟು ತಗುಲಿದರೆ ಕರಗುತ್ತದೆ. ಚನ್ನಪಟ್ಟಣದ ಕುಶಲಕರ್ಮಿ ತಿರುಗುವ ಹಾಲೆಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತುತ್ತಾನೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ, ಆಮೇಲೆ ತಾಳೆಗರಿಯಿಂದ ಉಜ್ಜಿ ಒಪ್ಪ ತರುತ್ತಾನೆ. ಹಳೆಯ ಬಾಗಿಲೊಂದನ್ನು ದುರಸ್ತಿ ಮಾಡುವವನಿಗೆ ಬೇಕಾದದ್ದು ಈ ವ್ಯತ್ಯಾಸ; ‘ಲೇಪನ’ ಅದನ್ನು ಮುಚ್ಚುತ್ತದೆ.

ಅನುವಾದಕರೂ ಇದೇ ಕಡೆ ಎಡವುತ್ತಾರೆ. ಇಂಗ್ಲಿಷಿನ ‘ಲ್ಯಾಕರ್’ ಪದದೊಳಗೆ ನಮ್ಮ ಲಾಖವೇ ಅಡಗಿದೆ. ಆದ್ದರಿಂದ ಜಪಾನಿನ ಲ್ಯಾಕರ್ ಪಾತ್ರೆಗಳನ್ನು ‘ಅರಗಿನ ಪಾತ್ರೆ’ ಎಂದರೆ ವ್ಯುತ್ಪತ್ತಿ ಸರಿ, ವಸ್ತು ತಪ್ಪು. ಅಲ್ಲಿನ ‘ಉರುಶಿ’ ಮರದ ರಸ. ತೇವದ ಗಾಳಿಯಲ್ಲಿ ಗಟ್ಟಿಯಾಗಿ ಬಿಸಿಯನ್ನು ತಾಳಿಕೊಳ್ಳುತ್ತದೆ. ಅರಗು ಕೀಟಜನ್ಯ, ಬಿಸಿಗೆ ಕರಗುತ್ತದೆ, ಬೆಂಕಿಗೆ ಉರಿಯುತ್ತದೆ. ದುರ್ಯೋಧನನ ಸಂಚು ನಿಂತಿರುವುದೇ ಈ ಗುಣದ ಮೇಲೆ.

ಆದುದರಿಂದ ಗಡಿನಾಡಿನ ವೃತ್ತಿಪದಕೋಶ ಮೊದಲು ಕೇಳಬೇಕಾದದ್ದು ಪದದ ಕುಲವನ್ನಲ್ಲ. ಯಾವ ವಸ್ತು, ಕೈಯ ಯಾವ ಕೆಲಸ, ಯಾವ ಹಂತ, ಯಾವುದರಿಂದ ಕರಗುತ್ತದೆ ಎಂಬುದು ಮೊದಲು ದಾಖಲಾಗಬೇಕು. ಮೂಲದ ಚರ್ಚೆ ಕೊನೆಗೆ ಬರಲಿ, ಸಂಭವವೆಂದೇ ಬರಲಿ. ಒಪ್ಪವು ಉಜ್ಜಿದಾಗ ಮರದೊಳಗಿಂದ ಏಳುವ ಹೊಳಪು, ಲೇಪವು ಮೇಲಿಂದ ಬಳಿದದ್ದು. ಉಮರ್ಗಾದ ಕನ್ನಡಕ್ಕೆ ಮೇಲಿಂದ ಶುದ್ಧಿಯನ್ನು ಬಳಿಯುವ ಬದಲು ಅದರಲ್ಲಿರುವುದನ್ನೇ ಉಜ್ಜಿ ನೋಡುವ ವಿಧಾನ ಬೇಕಾಗಿದೆ. ಇಲ್ಲವಾದರೆ ‘ಓಪ್’ ಎಂದ ಬಡಿಗನಿಗೆ ಅವನ ಪದ ಅವನದಲ್ಲವೆಂದು ಹೇಳಿದ ಅಪರಾಧ ಕನ್ನಡದ ವಿದ್ವತ್ತಿನದೇ ಆಗುತ್ತದೆ.