ಕಲ್ಲು, ಸಂತೆ, ಸನ್ನದು: ಮಧ್ಯಯುಗದ ಪಟ್ಟಣದ ಕಾದಂಬರಿಗಳನ್ನು ಸವಿಯುವ ಬಗೆ

ಯುರೋಪಿನ ಮಧ್ಯಯುಗದ ಒಂದು ಪಟ್ಟಣವನ್ನು ನಡುವೆ ಇಟ್ಟುಕೊಂಡು, ಎರಡು ಮೂರು ತಲೆಮಾರುಗಳ ಬದುಕನ್ನು ಸಾವಿರ ಪುಟಗಳಷ್ಟು ಹರವಿನಲ್ಲಿ ಹೇಳುವ ಐತಿಹಾಸಿಕ ಕಾದಂಬರಿಗಳು ಇಂಗ್ಲಿಷಿನ ಮೂಲಕ ಕನ್ನಡದ ಓದುಗರಿಗೂ ಸಿಗುತ್ತಿವೆಯಾದರೂ, ಅವುಗಳ ಗಾತ್ರಕ್ಕೆ ಅಂಜಿ ದೂರ ಉಳಿಯುವವರೂ, ಉತ್ಸಾಹದಿಂದ ಹಿಡಿದು ನೂರು ಪುಟಕ್ಕೆ ಕೈಬಿಡುವವರೂ ಕಡಿಮೆಯೇನಿಲ್ಲ. ಇದಕ್ಕೆ ಬಹುಮಟ್ಟಿಗೆ ಕಾರಣ, ಪಟ್ಟಾಭಿಷೇಕ, ಯುದ್ಧ, ಅಂತಃಪುರದ ಒಳಸಂಚು ಇವೇ ಐತಿಹಾಸಿಕ ಕಾದಂಬರಿಯ ತಿರುಳು ಎಂಬ ರೂಢಿಯ ನಿರೀಕ್ಷೆ. ಹಾಗೆ ನಿರೀಕ್ಷಿಸಿ ಬಂದವರಿಗೆ ಕಲ್ಲುಗಣಿಯ ಒಡೆತನ, ಉಣ್ಣೆಯ ಧಾರಣೆ, ಸಂತೆಯ ಸುಂಕ ಮುಂತಾದ ವಿವರಗಳು ಕಥೆಗೆ ಅಡ್ಡ ಬಂದಂತೆ ತೋರುತ್ತವೆ. ಈ ಪ್ರಕಾರದಲ್ಲಿ ಕಥೆಯನ್ನು ಮುಂದಕ್ಕೆ ಎಳೆಯುವುದು ಆ ವಿವರಗಳೇ ಎಂಬುದು ಒಮ್ಮೆ ಹೊಳೆದರೆ ಉಳಿದ ಓದು ಸಲೀಸಾಗುತ್ತದೆ.

ಪ್ರಕಾರದ ವಂಶಾವಳಿಯನ್ನು ಇಲ್ಲಿ ದೀರ್ಘವಾಗಿ ಹೇಳಬೇಕಾಗಿಲ್ಲ. 1814ರಲ್ಲಿ ‘ವೇವರ್ಲಿ’ಯನ್ನು ಪ್ರಕಟಿಸಿದ ವಾಲ್ಟರ್ ಸ್ಕಾಟನಿಂದ ಐತಿಹಾಸಿಕ ಕಾದಂಬರಿಗೆ ಖಚಿತವಾದ ರೂಪ ಬಂದಿತು, 1482ರ ಪ್ಯಾರಿಸನ್ನು ಚಿತ್ರಿಸಿದ ವಿಕ್ಟರ್ ಹ್ಯೂಗೋನ ‘ನೋತ್ರ್ ದಾಮ್ ದ ಪಾರಿ’ 1831ರಲ್ಲಿ ಬಂದು, ಒಂದು ಕಟ್ಟಡವೇ ಕಾದಂಬರಿಯ ನಾಯಕನಾಗಬಹುದೆಂದು ತೋರಿಸಿಕೊಟ್ಟಿತು. ಆ ಕಾದಂಬರಿ ಹಬ್ಬಿಸಿದ ಆಸಕ್ತಿಯಿಂದಲೇ ಪಾಳುಬೀಳುತ್ತಿದ್ದ ಆ ಇಗರ್ಜಿಯ ಜೀರ್ಣೋದ್ಧಾರ 1844ರಲ್ಲಿ ಮೊದಲಾಯಿತೆಂಬುದು ಸಾಹಿತ್ಯಕ್ಕೆ ಅಪರೂಪವಾಗಿ ಸಲ್ಲುವ ಹೆಗ್ಗಳಿಕೆ. ಸ್ಕಾಟನ ಕಾದಂಬರಿಗಳಲ್ಲಿ ಇತಿಹಾಸಪ್ರಸಿದ್ಧರು ಅಂಚಿನಲ್ಲಿದ್ದು, ಎರಡು ಪಕ್ಷಗಳ ನಡುವೆ ಸಿಕ್ಕಿಬಿದ್ದ ಸಾಧಾರಣ ವ್ಯಕ್ತಿಯೊಬ್ಬ ನಡುವೆ ನಿಲ್ಲುತ್ತಾನೆಂದು ಹಂಗೇರಿಯ ವಿಮರ್ಶಕ ಜಾರ್ಜ್ ಲೂಕಾಚ್ ಗುರುತಿಸಿದನು. ಪಟ್ಟಣದ ಕಾದಂಬರಿ ಈ ಕ್ರಮವನ್ನು ಇನ್ನೂ ಮುಂದಕ್ಕೆ ಒಯ್ದಿದೆ: ಇಲ್ಲಿ ದೊರೆ ನಾಲ್ಕಾರು ಪುಟಗಳಲ್ಲಿ ಬಂದು ಹೋಗುತ್ತಾನೆ, ಅವನು ಹಾಕಿಕೊಟ್ಟ ಮುದ್ರೆ ಮಾತ್ರ ನಾನೂರು ಪುಟಗಳವರೆಗೆ ಕೆಲಸ ಮಾಡುತ್ತಿರುತ್ತದೆ.

ಹೊಸಬರಿಗೆ ಅಭ್ಯಾಸಪಾಠವಾಗಿ ಒದಗುವ ಕೃತಿ ಕೆನ್ ಫೋಲೆಟ್ 1989ರಲ್ಲಿ ಪ್ರಕಟಿಸಿದ ‘ದಿ ಪಿಲರ್ಸ್ ಆಫ್ ದಿ ಅರ್ತ್’. ಅದುವರೆಗೆ ಗೂಢಚಾರರ ಕಥೆಗಳಿಗೆ ಹೆಸರಾಗಿದ್ದ ಲೇಖಕನು ಕಿಂಗ್ಸ್‌ಬ್ರಿಜ್ ಎಂಬ ಕಲ್ಪಿತ ಊರನ್ನು ಹನ್ನೆರಡನೆಯ ಶತಮಾನದ ಇಂಗ್ಲೆಂಡಿನಲ್ಲಿ ನಿಲ್ಲಿಸಿ, ಅಲ್ಲಿ ಒಂದು ಕೆಥೆಡ್ರಲ್, ಅಂದರೆ ಬಿಷಪ್ಪನ ಪೀಠವಿರುವ ಮಹಾ ಇಗರ್ಜಿ, ಎದ್ದುನಿಲ್ಲುವ ಕಥೆಯನ್ನು ಹೇಳಿದ್ದಾನೆ. ಹಿನ್ನೆಲೆಯ ಇತಿಹಾಸ ನಿಜವಾದದ್ದು. 1120ರಲ್ಲಿ ‘ವೈಟ್ ಶಿಪ್’ ಎಂಬ ಹಡಗು ಮುಳುಗಿ, ಒಂದನೆಯ ಹೆನ್ರಿಯ ಏಕೈಕ ಔರಸ ಪುತ್ರನು ಸತ್ತನು. 1135ರಲ್ಲಿ ದೊರೆಯೂ ತೀರಿಕೊಂಡಾಗ ಅವನ ಮಗಳು ಮಟಿಲ್ಡಾ ಮತ್ತು ಸೋದರಳಿಯ ಸ್ಟೀಫನ್ ಇವರ ನಡುವೆ ಸಿಂಹಾಸನಕ್ಕಾಗಿ ಸುಮಾರು ಎರಡು ದಶಕಗಳ ಒಳಜಗಳ ನಡೆಯಿತು. ಇಂಗ್ಲೆಂಡಿನ ಚರಿತ್ರಕಾರರು ಅರಾಜಕತೆಯ ಕಾಲವೆಂದು ಕರೆಯುವುದು ಇದನ್ನೇ. ಓದುಗರು ಕಂಠಪಾಠ ಮಾಡಬೇಕಾದದ್ದು ಇಷ್ಟೇ. ಯಾವ ಕಾಳಗದಲ್ಲಿ ಯಾರು ಗೆದ್ದರೆಂಬುದು ಮರೆತರೂ ನಷ್ಟವಿಲ್ಲ, ಏಕೆಂದರೆ ಕಿಂಗ್ಸ್‌ಬ್ರಿಜ್‌ನವರಿಗೆ ಅದು ಮುಖ್ಯವಾಗುವುದು ಗೆದ್ದವನು ಹಳೆಯ ಸನ್ನದುಗಳನ್ನು ಊರ್ಜಿತದಲ್ಲಿಡುವನೋ ರದ್ದುಪಡಿಸುವನೋ ಎಂಬ ಒಂದೇ ಪ್ರಶ್ನೆಯಿಂದ.

ಸನ್ನದು ಎಂಬುದು ಇಲ್ಲಿ ದೊರೆಯ ಮುದ್ರೆಯುಳ್ಳ ಹಕ್ಕುಪತ್ರ. ಮಧ್ಯಯುಗದ ಇಂಗ್ಲೆಂಡಿನಲ್ಲಿ ವಾರದ ಸಂತೆಯನ್ನಾಗಲಿ ವರ್ಷದ ಜಾತ್ರೆಯನ್ನಾಗಲಿ ಹೊಸದಾಗಿ ನಡೆಸಲು ದೊರೆಯ ಅಪ್ಪಣೆ ಬೇಕಿತ್ತು. ಅಪ್ಪಣೆ ಪಡೆದ ಪಾಳೆಯಗಾರನಿಗೋ ಮಠಕ್ಕೋ ಅಂಗಡಿಯ ನೆಲಬಾಡಿಗೆಯೂ ಸರಕಿನ ಸುಂಕವೂ ಸಲ್ಲುತ್ತಿದ್ದವು. ಹೊಸ ಸಂತೆಯಿಂದ ಪಕ್ಕದೂರಿನ ಸಂತೆಗೆ ನಷ್ಟವಾದರೆ ಅದು ವ್ಯಾಜ್ಯಕ್ಕೆ ಕಾರಣ. ಬ್ರ್ಯಾಕ್ಟನ್ ಎಂಬ ನ್ಯಾಯವಿದನ ಹೆಸರಿನಲ್ಲಿರುವ ಹದಿಮೂರನೆಯ ಶತಮಾನದ ಗ್ರಂಥವು ಎರಡು ಸಂತೆಗಳ ನಡುವೆ ಆರೂ ಮುಕ್ಕಾಲು ಮೈಲಿಗೆ ತುಸು ಕಡಿಮೆ, ಎಂದರೆ ಸುಮಾರು 10.7 ಕಿಲೋಮೀಟರ್ ಅಂತರವಿರಬೇಕೆಂದು ಹೇಳುತ್ತದೆ. ಲೆಕ್ಕ ಸರಳವಾಗಿದೆ: ದಿನದ ನಡಿಗೆ 20 ಮೈಲಿಯೆಂದು ಹಿಡಿದು ಅದನ್ನು ಮೂರು ಪಾಲು ಮಾಡಿದರೆ, ಒಂದು ಪಾಲು ಸಂತೆಗೆ ಹೋಗಲು, ಒಂದು ಪಾಲು ಕೊಡುಕೊಳ್ಳುವಿಕೆಗೆ, ಇನ್ನೊಂದು ಪಾಲು ಕತ್ತಲಾಗುವ ಮೊದಲು ಮನೆ ಸೇರಲು. ಒಂದೂರಿನ ಸೋಮವಾರದ ಸಂತೆಗೆ ಅಡ್ಡಿಯಾಗದಂತೆ ನೆರೆಯೂರಿನಲ್ಲಿ ಗುರುವಾರ ಸಂತೆ ಕೂಡುವುದನ್ನು ಬಲ್ಲ ಬಯಲುಸೀಮೆಯ ಓದುಗರಿಗೆ ಈ ತರ್ಕ ಹೊಸದಲ್ಲ.

ಇಷ್ಟು ತಿಳಿದು ಓದಿದರೆ, ಕಿಂಗ್ಸ್‌ಬ್ರಿಜ್‌ನ ಮಠಾಧಿಕಾರಿ ಫಿಲಿಪ್ ಸಂತೆಯ ಅಪ್ಪಣೆಗಾಗಿ ಅಲೆಯುವ ಅಧ್ಯಾಯಗಳು ಸಪ್ಪೆಯೆನಿಸುವುದಿಲ್ಲ. ಸಂತೆ ಕೂಡದಿದ್ದರೆ ಮಠಕ್ಕೆ ವರಮಾನವಿಲ್ಲ, ವರಮಾನವಿಲ್ಲದಿದ್ದರೆ ಕಲ್ಲುಕುಟಿಗರಿಗೆ ಕೂಲಿಯಿಲ್ಲ, ಕೂಲಿ ತಪ್ಪಿದರೆ ಅವರು ಗುಳೆ ಎದ್ದು ಬೇರೆ ಕಟ್ಟಡ ಹುಡುಕುತ್ತಾರೆ, ಗೋಡೆ ಅರ್ಧಕ್ಕೆ ನಿಲ್ಲುತ್ತದೆ. ಕಲ್ಲುಗಣಿಯ ಪ್ರಸಂಗವೂ ಹೀಗೆಯೇ: ನೆಲದ ಒಡೆತನ ಒಬ್ಬರಿಗೆ, ಅಲ್ಲಿಂದ ಕಲ್ಲು ತೆಗೆಯುವ ಹಕ್ಕು ಇನ್ನೊಬ್ಬರಿಗೆ ಎಂಬ ಇಬ್ಬಂದಿಯ ಅಪ್ಪಣೆಯಿಂದ ಹುಟ್ಟಿದ ಜಗಳ ಬೆಳೆದು, ಆಯುಧಧಾರಿಗಳು ಕಾವಲಿರುವ ಗಣಿಗೆ ಸನ್ಯಾಸಿಗಳು ಹಾಡುತ್ತ ಮೆರವಣಿಗೆಯಲ್ಲಿ ಬರುವ ದೃಶ್ಯದಲ್ಲಿ ಮುಗಿಲು ಮುಟ್ಟುತ್ತದೆ. ಕತ್ತಿ ಹಿಡಿದವರು ಕಾಷಾಯಕ್ಕೆ ಸಮನಾದ ಆ ನಿಲುವಂಗಿಯ ಮೇಲೆ ಕೈ ಮಾಡಲು ಅಳುಕುವ ಆ ಕ್ಷಣದಲ್ಲಿ ಆ ಶತಮಾನದ ಅಧಿಕಾರದ ಸ್ವರೂಪವೆಲ್ಲ ಕಾಣಿಸುತ್ತದೆ. ಇಡೀ ಕಾದಂಬರಿಯಲ್ಲಿ ಇದಕ್ಕಿಂತ ಚೊಕ್ಕವಾದ ಪ್ರಸಂಗ ಇನ್ನೊಂದಿಲ್ಲವೆಂದರೂ ಸಲ್ಲುತ್ತದೆ.

ಕಟ್ಟಡದ ತಾಂತ್ರಿಕ ಸಂಗತಿಗಳನ್ನೂ ಹಾರಿಸಬಾರದು. ಕಾದಂಬರಿಯ ಮೊದಲ ಭಾಗದಲ್ಲಿ ಟಾಮ್ ಎಂಬ ಮೇಸ್ತ್ರಿ ಕುಟುಂಬದೊಡನೆ ಚಳಿಗಾಲದಲ್ಲಿ ಕೆಲಸವಿಲ್ಲದೆ ಅಲೆಯುವುದು ಬರಿಯ ದುರದೃಷ್ಟದಿಂದಲ್ಲ: ಸುಣ್ಣದ ಗಾರೆ ಗಟ್ಟಿಯಾಗುವ ಮೊದಲೇ ಹಿಮ ಹಿಡಿದರೆ ಬಿರಿಯುವುದರಿಂದ, ಚಳಿ ಬೀಳುತ್ತಿದ್ದಂತೆ ಗೋಡೆಯ ನೆತ್ತಿಗೆ ಹುಲ್ಲು ಮತ್ತು ಗೊಬ್ಬರ ಹೊದಿಸಿ ಗೋಡೆ ಕಟ್ಟುವವರನ್ನು ಕೆಲಸದಿಂದ ಬಿಡಿಸುವುದು ಅಲ್ಲಿನ ವಾಡಿಕೆಯಾಗಿತ್ತು. ಕಮಾನಿನ ವಿಷಯವೂ ಅಷ್ಟೇ. ಅರ್ಧವೃತ್ತದ ಕಮಾನಿನ ಎತ್ತರವು ಅದರ ಅಗಲಕ್ಕೆ ಕಟ್ಟುಬಿದ್ದಿರುತ್ತದೆ, ಅಗಲ ಹೆಚ್ಚಿಸದೆ ಎತ್ತರ ಹೆಚ್ಚಿಸಲಾಗದು. ಎರಡು ಬಾಗುಗಳು ತುದಿಯಲ್ಲಿ ಕೂಡುವ ಮೊನೆಗಮಾನಿಗೆ ಆ ಕಟ್ಟಿಲ್ಲ. ಮೊನೆಗಮಾನು, ಛಾವಣಿಯ ಭಾರವನ್ನು ಕಂಬಗಳ ಕಡೆಗೆ ತಿರುಗಿಸುವ ಕಲ್ಲಿನ ಪಕ್ಕೆಲುಬುಗಳು, ಹೊರಗಿನಿಂದ ಗೋಡೆಗೆ ಆನಿಸಿದ ಅರ್ಧಕಮಾನುಗಳು, ಇವು ಮೂರೂ ಸೇರಿದಾಗ ಗೋಡೆ ತೆಳುವಾಗಿ, ಕಿಟಕಿ ಹಿರಿದಾಗಿ, ಒಳಗೆ ಬೆಳಕು ತುಂಬಿತು. ಗೋಥಿಕ್ ಎಂದು ಹೆಸರಾದ ಶೈಲಿಯ ಮೂಲ ಇದೇ. 1144ರಲ್ಲಿ ಪ್ಯಾರಿಸಿನ ಬಳಿಯ ಸೇಂಟ್ ಡೆನಿ ಇಗರ್ಜಿಯ ಪೂರ್ವಭಾಗ ಮಠಾಧಿಪತಿ ಸುಜೇರನ ಮುತುವರ್ಜಿಯಿಂದ ಮುಗಿದದ್ದು ಅದರ ಉದಯವೆಂದು ಎಣಿಸಲಾಗಿದೆ. ಕಾದಂಬರಿಯ ಜ್ಯಾಕ್ ಎಂಬ ಪಾತ್ರ ಫ್ರಾನ್ಸಿನಲ್ಲಿ ಆ ಬೆಳಕನ್ನು ಕಂಡು ಬೆರಗಾಗುವ ಪುಟಗಳು ಸೊಗಸಾಗಿ ಬಂದಿವೆ. ಮನೆ ಕಟ್ಟಿಸಿ ಸೆಂಟ್ರಿಂಗ್ ಬಿಚ್ಚುವ ದಿನದ ಆತಂಕವನ್ನು ಉಂಡವರಿಗೆ, ಮರದ ಆಧಾರ ತೆಗೆದ ಮೇಲೆ ಕಲ್ಲಿನ ಛಾವಣಿ ನಿಂತೀತೋ ಬಿದ್ದೀತೋ ಎಂಬ ಅಲ್ಲಿನ ಕಳವಳವನ್ನು ವಿವರಿಸಬೇಕಾಗಿಲ್ಲ.

ಕಾಲದ ಹರವು ಈ ಪ್ರಕಾರದ ಇನ್ನೊಂದು ಸೊಬಗು. ಕಥೆ 1123ರಲ್ಲಿ ಒಂದು ಗಲ್ಲುಶಿಕ್ಷೆಯೊಂದಿಗೆ ತೆರೆದು 1174ರಲ್ಲಿ ಮುಗಿಯುತ್ತದೆ. ಕಟ್ಟಡದ ಕನಸು ಕಂಡವನು ಅದು ಮುಗಿಯುವುದನ್ನು ನೋಡಲು ಉಳಿಯುವುದಿಲ್ಲ. ಸಾಮಾನ್ಯ ಕಾದಂಬರಿಯಲ್ಲಿ ನಾಯಕನ ಆಯುಷ್ಯವೇ ಕಥೆಯ ಅಳತೆಯಾದರೆ, ಇಲ್ಲಿ ಗೋಡೆಯ ಎತ್ತರ ಆ ಅಳತೆ. 2007ರಲ್ಲಿ ಬಂದ ‘ವರ್ಲ್ಡ್ ವಿದೌಟ್ ಎಂಡ್’ ಇದನ್ನು ಇನ್ನೂ ಹರಿತಗೊಳಿಸುತ್ತದೆ. 1327ರಲ್ಲಿ, ಅದೇ ಊರಿನಲ್ಲಿ, ಹಿಂದಿನವರ ವಂಶಜರ ನಡುವೆ ತೊಡಗುವ ಆ ಕಥೆಯಲ್ಲಿ, ಊರಿಗೆ ಜೀವ ಕೊಟ್ಟಿದ್ದ ಮಠದ ಹಕ್ಕುಗಳೇ ಊರಿನ ಕೊರಳಿಗೆ ಉರುಳಾಗಿವೆ: ನೇಯ್ದ ಉಣ್ಣೆಬಟ್ಟೆಯನ್ನು ನೀರಿನಲ್ಲಿ ಬಡಿದು ಬಿಗಿ ಮಾಡುವ ಗಿರಣಿ ಮಠದ್ದು, ಅದಕ್ಕೆ ಕೊಡಬೇಕಾದ ಹಣಕ್ಕೆ ವರ್ತಕರು ಗೊಣಗುತ್ತಾರೆ, ಮಠದ ಹಿಡಿತದಿಂದ ಬಿಡಿಸಿಕೊಳ್ಳಲು ಊರಿಗೇ ಒಂದು ಸ್ವತಂತ್ರ ಸನ್ನದು ಬೇಕೆಂದು ಹಟ ಹಿಡಿಯುತ್ತಾರೆ. ಮೊದಲ ಕೃತಿಯಲ್ಲಿ ಫಿಲಿಪ್ಪನ ಗೆಲುವಿಗೆ ಹಿಗ್ಗಿದ ಓದುಗರು ಎರಡನೆಯದರಲ್ಲಿ ಆ ಗೆಲುವಿನ ಫಲವನ್ನೇ ಶಪಿಸಬೇಕಾಗುತ್ತದೆ. ಒಂದೊಂದನ್ನು ಬಿಡಿಯಾಗಿ ಓದಿದವರಿಗೆ ದಕ್ಕದ ಈ ತಿರುವು ಫೋಲೆಟನ ನಿಜವಾದ ಸಾಧನೆ, ಅವನು ಅದನ್ನು ಬೇಕೆಂದೇ ಮಾಡಿರಲಿ ಬಿಟ್ಟಿರಲಿ.

ಕಾನೂನೇ ಕಥೆಯಾಗುವುದನ್ನು ಕಾಣಲು ಇಲ್ಡೆಫೋನ್ಸೋ ಫಾಲ್ಕೋನೆಸ್ ಸ್ಪ್ಯಾನಿಷ್ ಭಾಷೆಯಲ್ಲಿ ಬರೆದ, 2006ರ ‘ಲಾ ಕತೆದ್ರಾಲ್ ದೆಲ್ ಮಾರ್’ ಇನ್ನೊಂದು ಒಳ್ಳೆಯ ಉದಾಹರಣೆ. ಒಡೆಯನ ಜಮೀನಿಗೆ ಕಟ್ಟುಬಿದ್ದ ಜೀತದ ರೈತನು ಬಾರ್ಸಿಲೋನಾದಲ್ಲಿ ಒಂದು ವರ್ಷ ಒಂದು ದಿನ ಕಳೆದರೆ ಸ್ವತಂತ್ರನಾಗುತ್ತಾನೆಂಬ ನಿಯಮದಿಂದ, ಹಸುಗೂಸನ್ನು ಎತ್ತಿಕೊಂಡು ಓಡಿಬಂದ ತಂದೆಯ ಪ್ರತಿಯೊಂದು ದಿನವೂ ಅಲ್ಲಿ ಉಸಿರು ಬಿಗಿಹಿಡಿಸುತ್ತದೆ. 1329ರಿಂದ 1383ರವರೆಗೆ ಕಟ್ಟಿದ ಸಾಂತಾ ಮರಿಯಾ ದೆಲ್ ಮಾರ್ ಇಗರ್ಜಿ ಇಂದಿಗೂ ಆ ನಗರದಲ್ಲಿದೆ. ಮೊಂಜುಯಿಕ್ ಗುಡ್ಡದಿಂದ ಬೆನ್ನಿನ ಮೇಲೆ ಕಲ್ಲು ಹೊತ್ತ ಬಂದರಿನ ಹಮಾಲರ ಆಕೃತಿಗಳನ್ನು ಅದರ ಬಾಗಿಲ ಮೇಲೆ ಕಾಣಬಹುದು.

ಉಂಬೆರ್ತೋ ಎಕೋನ ‘ದಿ ನೇಮ್ ಆಫ್ ದಿ ರೋಸ್’ (ಇಟಾಲಿಯನ್ ಮೂಲ 1980) ಪಟ್ಟಣದ ಕಥೆಯಲ್ಲ, 1327ರ ಒಂದು ಮಠದ ಏಳು ದಿನಗಳ ಕಥೆ. ಆದರೂ ಈ ಪ್ರಕಾರದ ಶಿಸ್ತನ್ನು ಕಲಿಯಲು ಅದಕ್ಕಿಂತ ಉತ್ತಮ ಕೃತಿ ಸಿಗದು. ದಿನಗಳನ್ನು ಪ್ರಾರ್ಥನೆಯ ವೇಳೆಗಳಿಗೆ ತಕ್ಕಂತೆ ವಿಭಾಗಿಸಿರುವುದರಿಂದ, ಗಡಿಯಾರವಿಲ್ಲದ ಕಾಲದ ಹೊತ್ತು ಓದುಗರ ಮೈಗೂಡುತ್ತದೆ. ಎಕೋ ಮಠದ ನಕ್ಷೆಯನ್ನು ಮುಂದಿಟ್ಟುಕೊಂಡು ಬರೆದು, ಎರಡು ಕಟ್ಟಡಗಳ ನಡುವೆ ನಡೆಯುತ್ತ ಮಾತನಾಡುವವರ ಸಂಭಾಷಣೆ ಆ ದಾರಿ ಮುಗಿಯುವಷ್ಟರಲ್ಲಿ ಮುಗಿಯುವಂತೆ ನೋಡಿಕೊಂಡನು. ಮೊದಲ ನೂರು ಪುಟಗಳನ್ನು ಹಗುರ ಮಾಡೆಂದು ಆಪ್ತರು ಸೂಚಿಸಿದಾಗ ಅವನು ಒಪ್ಪಲಿಲ್ಲ, ಮಠದೊಳಗೆ ಬರುವವರು ಮಠದ ನಡಿಗೆಗೆ ಹೊಂದಿಕೊಳ್ಳಲೇಬೇಕೆಂಬುದು ಅವನ ನಿಲುವು. ಕೈಬಿಡಬೇಕೆನಿಸಿದಾಗ ಓದುಗರು ಇದನ್ನು ನೆನೆಯಬಹುದು, ಆದರೆ ಹ್ಯೂಗೋನ ಪ್ಯಾರಿಸ್ ಪಕ್ಷಿನೋಟದ ಅಧ್ಯಾಯವನ್ನು ಮೊದಲ ಓದಿನಲ್ಲಿ ದಾಟಿಹೋದವರನ್ನು ಯಾರೂ ದೂರಲಾರರು.

ಸವಿಯುವುದೆಂದರೆ ಕೊರತೆಗಳಿಗೆ ಕುರುಡಾಗುವುದಲ್ಲ. ಫೋಲೆಟನ ಖಳನಾಯಕ ವಿಲಿಯಂ ಹ್ಯಾಮ್ಲೆ ಆರಂಭದಿಂದ ಕೊನೆಯವರೆಗೆ ಒಂದೇ ಬಣ್ಣದವನು. ಹೆಂಗಸರ ಮೇಲಿನ ಅತ್ಯಾಚಾರದ ದೃಶ್ಯಗಳು ಕಥೆಗೆ ಬೇಕಾದದ್ದಕ್ಕಿಂತ ಹೆಚ್ಚು ಸಾರಿ, ಹೆಚ್ಚು ವಿವರವಾಗಿ ಬರುವುದನ್ನು ಹೊಸ ಓದುಗರು ಮೊದಲೇ ತಿಳಿದಿರುವುದು ಲೇಸು. ಅದಕ್ಕಿಂತ ಸೂಕ್ಷ್ಮವಾದ ದೋಷ ಮನೋಧರ್ಮದ್ದು. ಉಣ್ಣೆ ವ್ಯಾಪಾರದಿಂದ ತಲೆಯೆತ್ತುವ ಅಲೀನಾ ಸೊಗಸಾದ ಪಾತ್ರವಾದರೂ, ಅವಳ ಯೋಚನೆಯ ಧಾಟಿ ಇಪ್ಪತ್ತನೆಯ ಶತಮಾನದ್ದು. ನರಕದ ಭಯ, ಪಾಪನಿವೇದನೆಯ ತುರ್ತು ಅವಳನ್ನು ಅಷ್ಟಾಗಿ ಕಾಡುವುದಿಲ್ಲ. ಹದಿನಾಲ್ಕನೆಯ ಶತಮಾನದ ನಾರ್ವೆಯನ್ನು ಕುರಿತು 1920ರಿಂದ 1922ರವರೆಗೆ ‘ಕ್ರಿಸ್ಟಿನ್ ಲಾವ್ರನ್ಸ್‌ಡಾಟರ್’ ಎಂಬ ಮೂರು ಸಂಪುಟಗಳನ್ನು ಬರೆದ ಸಿಗ್ರಿಡ್ ಉಂಡ್ಸೆಟ್‌ಳ ನಾಯಕಿಗೆ ಪಾಪವೆಂಬುದು ಹಸಿವೆಯಷ್ಟೇ ನಿಜ. ಕಲ್ಲು ಮತ್ತು ದುಡ್ಡಿನ ಮಧ್ಯಯುಗಕ್ಕೆ ಫೋಲೆಟ್, ಅಂತರಂಗದ ಮಧ್ಯಯುಗಕ್ಕೆ ಉಂಡ್ಸೆಟ್ ಎಂದು ಇಬ್ಬರನ್ನೂ ಜೊತೆಗಿಟ್ಟು ಓದಿದವರಿಗೆ ಲಾಭ ಹೆಚ್ಚು.

ಕನ್ನಡದ ಓದುಗರಿಗೆ ಇಲ್ಲೊಂದು ಅನುಕೂಲವಿದೆ. ಕಿಂಗ್ಸ್‌ಬ್ರಿಜ್‌ನ ಕಲ್ಪಿತ ಮೇಸ್ತ್ರಿಗಳು ಬದುಕಿದ ಶತಮಾನದಲ್ಲಿಯೇ, 1117ರಲ್ಲಿ, ವಿಷ್ಣುವರ್ಧನನು ಬೇಲೂರಿನಲ್ಲಿ ಚೆನ್ನಕೇಶವನ ಪ್ರತಿಷ್ಠೆ ಮಾಡಿಸಿದನು. ಯುರೋಪಿನ ಕಲ್ಲುಕುಟಿಗರು ಕೂಲಿಯ ಲೆಕ್ಕಕ್ಕಾಗಿ ಕಲ್ಲಿನ ಮೇಲೆ ಗೀರಿದ ಗುರುತುಗಳು ಬಹುಪಾಲು ಅನಾಮಿಕವಾಗಿ ಉಳಿದಿದ್ದರೆ, ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮುಂತಾದವರು ವಿಗ್ರಹಗಳ ಬುಡದಲ್ಲಿ ತಮ್ಮ ಹೆಸರನ್ನು ಕೊರೆದಿದ್ದಾರೆ. ಈ ಕಾಲವನ್ನು ಕುರಿತ ಕನ್ನಡ ಕಾದಂಬರಿಗಳಲ್ಲಿ ವ್ಯಾಯಾಮಗುರುವೆಂದೇ ಹೆಚ್ಚು ಹೆಸರಾಗಿದ್ದ ಕೆ.ವಿ. ಅಯ್ಯರ್ ಅವರ ‘ಶಾಂತಲಾ’ ಪ್ರಸಿದ್ಧವಾದದ್ದು. ಅದರ ಕಣ್ಣು ರಾಣಿಯ ಮೇಲೆ, ಆಸ್ಥಾನದ ಮೇಲೆ. ಹದಿನೆಂಟನೆಯ ಶತಮಾನದ ಚಿತ್ರದುರ್ಗವನ್ನು ಚಿತ್ರಿಸಿ 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ತ.ರಾ.ಸು. ಅವರ ‘ದುರ್ಗಾಸ್ತಮಾನ’ದಲ್ಲಿಯೂ ನಾಯಕನು ನಡುವೆ ಇರುತ್ತಾನೆ, ಆದರೆ ದುರ್ಗದ ಕಾದಂಬರಿಗಳನ್ನು ಸಾಲಾಗಿ ಓದಿದವರಿಗೆ ನಾಯಕರು ಬದಲಾಗುತ್ತ ಹೋದರೂ ಬೆಟ್ಟವೂ ಕೋಟೆಯೂ ಬದಲಾಗದೆ ಉಳಿಯುವುದರ ಅನುಭವವಿರುತ್ತದೆ. ಪಟ್ಟಣವನ್ನೇ ಪಾತ್ರವಾಗಿ ಕಾಣುವ ಅಭ್ಯಾಸಕ್ಕೆ ಅದು ಸಾಕಷ್ಟು ತಯಾರಿ.

ಓದಿನ ಕ್ರಮದ ಬಗ್ಗೆ ಹೇಳುವುದಾದರೆ, ‘ಪಿಲರ್ಸ್’ನಿಂದ ತೊಡಗಿ, ಬಳಿಕ ಬಾರ್ಸಿಲೋನಾಕ್ಕೆ ಹೋಗಿ, ಎಕೋ ಮತ್ತು ಹ್ಯೂಗೋ ಇವರನ್ನು ಪಳಗಿದ ಮೇಲೆ ಹಿಡಿಯುವುದು ಸುಲಭದ ದಾರಿ. ಕಿಂಗ್ಸ್‌ಬ್ರಿಜ್ ಮಾಲೆಯನ್ನು ಪ್ರಕಟವಾದ ಕ್ರಮದಲ್ಲಿಯೇ ಓದಬೇಕು, ಕಥೆಯ ಕಾಲಕ್ರಮದಲ್ಲಲ್ಲ. 2020ರಲ್ಲಿ ಬಂದ ‘ದಿ ಈವ್ನಿಂಗ್ ಆ್ಯಂಡ್ ದಿ ಮಾರ್ನಿಂಗ್’ 997ರಷ್ಟು ಹಿಂದಕ್ಕೆ ಹೋಗಿ, ದೋಣಿಗಡವಿನ ಒಂದು ಕೊಂಪೆಗೆ ಸೇತುವೆ ಬಂದು ಆ ಸೇತುವೆಯಿಂದ ಊರು ಬೆಳೆಯುವುದನ್ನು ಹೇಳುತ್ತದೆಯಾದ್ದರಿಂದ, ಮುಂದೆ ಅಲ್ಲಿ ಏನೇನು ನಡೆಯಲಿದೆಯೆಂದು ಬಲ್ಲವರಿಗೆ ಮಾತ್ರ ಆ ಕೊಂಪೆಯ ಮೊದಲ ಸುಂಕದ ಕಟ್ಟೆಯೂ ಕಲ್ಲು ಹೊತ್ತು ತಂದ ಮೊದಲ ದೋಣಿಯೂ ಕುತೂಹಲ ಹುಟ್ಟಿಸುತ್ತವೆ.